ಅರ್ಜಿ ತುಂಬುವ ಕಾಲ

ಬೇಸಿಗೆಯ ರಜೆ ಬಂದರೆ ಉಪಾಧ್ಯಾಯನಿಗೆ ವಿಶ್ರಾಂತಿಯೆಂದು ಜನ ತಿಳಿದಿರುವರು. ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುದಿನ ನಮ್ಮ ಮನೆಯ ಕಟ್ಟೆಯನ್ನು ಕಂಡವರು ಹಾಗೆ ತಿಳಿಯಲಾರರು. ಜಹೀರಾಬಾದಿನ ಸಮೀಪದ ಹಳ್ಳಿಯೊಂದರಲ್ಲಿ ನಾನು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯ ಉಪಾಧ್ಯಾಯ. ನಾನು ಕಲಿಸುವುದು ಐದನೆಯ ತರಗತಿಯವರೆಗೆ ಮಾತ್ರ. ಆದರೂ ಐದು ವರ್ಷಗಳ ಹಿಂದೆ ನನ್ನ ಕೈಯಿಂದ ಹೋದ ಮಕ್ಕಳು ತಂದೆತಾಯಿಗಳನ್ನು ಮುಂದಿಟ್ಟುಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರಗಳನ್ನು ಸುತ್ತಿಕೊಂಡು, ಬೆಳಗಿನ ಚಹದ ಹೊತ್ತಿಗೇ ಬಂದು ಕುಳಿತುಬಿಡುತ್ತಾರೆ.

"ಗುರುಗಳೆ, ಹುಡುಗ ಪಾಸಾಗ್ಯಾನ್ರಿ. ಮುಂದ ಏನ್ ಓದಿಸ್ಬೇಕು ನೀವೇ ಹೇಳ್ರಿ. ನಮಗೇನ್ ತಿಳೀತದ?"

ಈ ಪ್ರಶ್ನೆಯನ್ನು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಲ್ಲಿ ಕೇಳಬಾರದೇ ಎಂದು ಮೊದಮೊದಲು ನನಗೆ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಅರ್ಜಿಯ ನಮೂನೆ ಇರುವುದು ಇಂಗ್ಲಿಷಿನಲ್ಲಿ, ಕಚೇರಿಯವರು ಮಾತಾಡುವುದು ತೆಲುಗಿನಲ್ಲಿ, ಮನೆಯ ಮಾತು ಕನ್ನಡ. ಈ ಮೂರನ್ನೂ ಜೋಡಿಸಿ ಹೇಳುವ ಮನುಷ್ಯ ಹಳ್ಳಿಯಲ್ಲಿ ಎಲ್ಲಿ ಸಿಕ್ಕುವನೋ ಅಲ್ಲಿಗೇ ಜನ ಬರುತ್ತಾರೆ.

ನಾವು ಹೀಗೆ ಮೂರು ಮಾತುಗಳ ನಡುವೆ ನಿಂತದ್ದು ಇಂದು ನಿನ್ನೆಯ ಸಂಗತಿಯಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಭಾಷೆಯ ಆಧಾರದ ಮೇಲೆ ಹಂಚಿದಾಗ, ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ಭಾಗವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರ ಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಜಿಲ್ಲೆಗಳನ್ನು ಮತ್ತೆ ಹಂಚಿದಾಗ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿಗೂ ತಾಂಡೂರು ವಿಕಾರಾಬಾದಿಗೂ ಹೋದವು. ಊರು ಕದಲಲಿಲ್ಲ, ಹೊಲ ಕದಲಲಿಲ್ಲ. ಅರ್ಜಿಯಲ್ಲಿ ಬರೆಯಬೇಕಾದ ಜಿಲ್ಲೆಯ ಹೆಸರು ಮಾತ್ರ ಬದಲಾಗುತ್ತ ಬಂದಿತು. ಅದೇ 1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲವಿರಬೇಕೆಂದು ಅದು ಹೇಳುತ್ತದೆ. ನನ್ನ ಶಾಲೆಗೂ ನನ್ನ ಅನ್ನಕ್ಕೂ ಆ ವಿಧಿಯೇ ಆಧಾರವೆಂದರೆ ತಪ್ಪಾಗದು. ಆದರೆ ಪ್ರಾಥಮಿಕ ಹಂತದಾಚೆಗೆ ಮಗುವಿನ ದಾರಿ ಯಾವುದೆಂಬುದನ್ನು ಆ ವಿಧಿ ಹೇಳುವುದಿಲ್ಲ. ಅದನ್ನು ನಾವೇ ಹುಡುಕಿಕೊಳ್ಳಬೇಕು.

ಹುಡುಕುವುದರಲ್ಲಿ ನಾನೊಮ್ಮೆ ಎಡವಿದೆ. ಈ ಲೇಖನ ಬರೆಯಲು ಕುಳಿತದ್ದು ಅದನ್ನು ಹೇಳಿಕೊಳ್ಳುವುದಕ್ಕಾಗಿಯೇ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ದರ್ಜೆ ಪಡೆದು ಬಂದಳು. ತಂದೆಗೆ ಎರಡೆಕರೆ ಹೊಲ, ಅದರಲ್ಲಿ ತೊಗರಿ ಮತ್ತು ಜೋಳ. ಹುಡುಗಿಗೆ ಕೃಷಿ ಪದವಿ ಓದಬೇಕೆಂಬ ಆಸೆ. ಬೀದರ ನಮ್ಮಿಂದ ಕೂಗಳತೆಯಲ್ಲಿದೆ. ಅಲ್ಲಿ ಕನ್ನಡವಿದೆ, ಅವಳ ಸೋದರಮಾವನ ಮನೆಯೂ ಇದೆ. ಪುಸ್ತಕ ಇಂಗ್ಲಿಷಿನದಾದರೂ ತಿಳಿಯದ್ದನ್ನು ಉಪನ್ಯಾಸಕರು ಕನ್ನಡದಲ್ಲಿ ತಿಳಿಸಿ ಹೇಳುತ್ತಾರೆ. "ಬೀದರಕ್ಕೆ ಹೋಗಿ ಪಿ.ಯು.ಸಿ. ಸೇರವ್ವಾ" ಎಂದು ನಾನೇ ಹೇಳಿದೆ. ಟಿ.ಸಿ. ತರಲು ಅವಳ ತಂದೆಯೊಡನೆ ನಾನೇ ಹೋಗಿದ್ದೆ.

ಎರಡು ವರ್ಷ ಕಳೆದು ಪದವಿಯ ಪ್ರವೇಶದ ಕಾಲ ಬಂದಾಗ ನನ್ನ ತಪ್ಪು ಹೊರಗೆ ಬಿತ್ತು. ತೆಲಂಗಾಣದ ವೃತ್ತಿಶಿಕ್ಷಣದ ಕಾಲೇಜುಗಳಲ್ಲಿ ನೂರಕ್ಕೆ 85 ಸ್ಥಾನಗಳು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲು. ಸಂವಿಧಾನದ 371-ಡಿ ವಿಧಿಯನ್ನು ಅನುಸರಿಸಿ 1974ರಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶದಿಂದ ಬಂದ ಕ್ರಮವಿದು. ಅರ್ಹತಾ ಪರೀಕ್ಷೆಯೊಡನೆ ಮುಗಿಯುವ ನಾಲ್ಕು ವರ್ಷ ಸತತವಾಗಿ ಇಲ್ಲಿಯೇ ಓದಿದವನು ಸ್ಥಳೀಯ. ಹುಟ್ಟಿ ಬೆಳೆದದ್ದು, ಹತ್ತು ವರ್ಷ ಓದಿದ್ದು ಎಲ್ಲ ಇಲ್ಲಿಯೇ ಆದರೂ, ಕೊನೆಯ ಎರಡು ವರ್ಷ ಬೀದರದಲ್ಲಿ ಓದಿದ ಕಾರಣ ಅವಳು ತನ್ನೂರಿನಲ್ಲೇ ಪರಸ್ಥಳದವಳಾದಳು. ಉಳಿದ 15ರಲ್ಲಿ ಮಾತ್ರ ಅವಳು ಸ್ಪರ್ಧಿಸಬೇಕಾಯಿತು, ಸ್ಥಾನ ಸಿಕ್ಕಲಿಲ್ಲ.

ಕರ್ನಾಟಕದ ಕಡೆ ತಿರುಗಿ ನೋಡಿದೆವು. ಅಲ್ಲಿಯ ಸಾಮಾನ್ಯ ನಿಯಮದಂತೆ ಏಳು ವರ್ಷ ಆ ರಾಜ್ಯದಲ್ಲಿ ಓದಿರಬೇಕು. ಇವಳು ಓದಿದ್ದು ಎರಡೇ ವರ್ಷ. ಅವಳ ಪಕ್ಕದಲ್ಲಿ ಕುಳಿತು ಓದಿದ ಬೀದರದ ಗೆಳತಿಗೆ 371-ಜೆ ವಿಧಿಯ ಆಸರೆಯಿತ್ತು. 2012ರ ತಿದ್ದುಪಡಿಯಿಂದ ಬಂದ ಆ ವಿಧಿಯಂತೆ ಹಳೆಯ ಹೈದರಾಬಾದ್ ಕರ್ನಾಟಕದ, ಈಗಿನ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಯಿದೆ. ಹಿಂದುಳಿದ ನಿಜಾಮ ಪ್ರಾಂತವೆಂಬ ಕಾರಣಕ್ಕೆ ಸಿಕ್ಕ ಸೌಲಭ್ಯವದು. ಇವಳ ಮುತ್ತಜ್ಜನೂ ಅದೇ ನಿಜಾಮನ ಬೀದರ ಜಿಲ್ಲೆಯಲ್ಲೇ ಭೂಕಂದಾಯ ಕಟ್ಟಿದವನು. ಆದರೆ ಗಡಿ ಅವಳ ಊರಿನ ಆಚೆಗೆ ಹಾದುಹೋಗಿದೆ.

ಹೊರನಾಡು ಕನ್ನಡಿಗರ ಮಕ್ಕಳಿಗೆ ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಬೇರೊಂದು ಕಲಮು ಇದೆಯೆಂದೂ, ಕನ್ನಡ ಭಾಷೆಯ ಪರೀಕ್ಷೆ ಕೊಟ್ಟು ಅದರಡಿ ಅರ್ಹತೆ ಪಡೆಯಬಹುದೆಂದೂ ನನಗೆ ತಿಳಿದದ್ದು ಆ ವರ್ಷದ ಅರ್ಜಿಯ ಅವಧಿ ಮುಗಿದ ಮೇಲೆ. ಕನ್ನಡ ಬಲ್ಲ ಹುಡುಗಿಗೆ ಕನ್ನಡದ ಪರೀಕ್ಷೆಯೊಂದು ಬಾಗಿಲು ತೆರೆದು ನಿಂತಿತ್ತು. ಅವಳಿಗೆ ಕನ್ನಡ ಕಲಿಸಿದ ನಾನು ಅದನ್ನು ನೋಡಿರಲಿಲ್ಲ.

ಅವಳು ಬೀದರದಲ್ಲಿಯೇ ಬಿ.ಎಸ್ಸಿ. ಸೇರಿದಳು. ಮುಂದಿನ ದೀಪಾವಳಿಗೆ ಊರಿಗೆ ಬಂದಾಗ ಕಟ್ಟೆಯ ಮೇಲೆ ಕುಳಿತು, ನಾನು ಏನೂ ಕೇಳದೆಯೇ ಹೇಳಿದಳು: "ನೀವೇನು ಸುಳ್ಳು ಹೇಳಿಲ್ರಿ ಗುರುಗಳೆ. ಅರ್ಧ ಹೇಳಿದ್ರಿ, ಅಷ್ಟೇ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಅಂದಿನಿಂದ ನಾನೊಂದು ನೋಟುಬುಕ್ಕು ಇಟ್ಟಿದ್ದೇನೆ. ಅರ್ಧ ಹೇಳಬಾರದೆಂಬುದೇ ಅದರ ಉದ್ದೇಶ. ಗೆಳೆಯರಾದ ಉಪಾಧ್ಯಾಯರಿಗೂ ಹತ್ತನೆಯ ತರಗತಿಯ ಮಕ್ಕಳಿಗೂ ಉಪಯೋಗವಾದೀತೆಂದು ಅದರಿಂದ ಕೆಲವು ಮಾತುಗಳನ್ನು ಇಲ್ಲಿ ಎತ್ತಿ ಬರೆಯುವೆನು.

ವಿದ್ಯಾರ್ಥಿವೇತನದ ಮಾತು ಹತ್ತನೆಯ ತರಗತಿಯಲ್ಲಿ ಆರಂಭವಾಗುವುದಿಲ್ಲ, ಎಂಟನೆಯದರಲ್ಲಿ ಆರಂಭವಾಗುತ್ತದೆ. ಕೇಂದ್ರ ಸರ್ಕಾರದ ಎನ್.ಎಂ.ಎಂ.ಎಸ್. ಪರೀಕ್ಷೆಗೆ ಎಂಟನೆಯ ತರಗತಿಯ ಮಕ್ಕಳು ಕುಳಿತುಕೊಳ್ಳಬೇಕು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯವರಾಗಿರಬೇಕು. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಕ್ಕುತ್ತದೆ. ಬಸ್ಸಿನ ಖರ್ಚಿಗೆ ಹೆದರಿ ಹೆಣ್ಣುಮಗುವನ್ನು ಶಾಲೆ ಬಿಡಿಸುವ ಮನೆಯಲ್ಲಿ ಈ ಹಣವೇ ಅವಳನ್ನು ಶಾಲೆಯಲ್ಲಿ ನಿಲ್ಲಿಸಬಲ್ಲದು.

ಹತ್ತನೆಯದರ ತರುವಾಯ ದಾರಿ ಕವಲೊಡೆಯುತ್ತದೆ. ಇಂಟರ್‌ಮೀಡಿಯೆಟ್ ಒಂದು. ಪಾಲಿಸೆಟ್ ಬರೆದು ಪಾಲಿಟೆಕ್ನಿಕ್ ಡಿಪ್ಲೊಮಾ ಸೇರುವುದು ಇನ್ನೊಂದು. ಬಾಸರದಲ್ಲಿ 2008ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ ಮೂರನೆಯದು. ಅಲ್ಲಿ ಹತ್ತನೆಯ ತರಗತಿಯ ಸಾಧನೆಯ ಮೇಲೆಯೇ ಆರು ವರ್ಷದ ಎಂಜಿನಿಯರಿಂಗ್ ಓದಿಗೆ ಪ್ರವೇಶ ದೊರೆಯುತ್ತದೆ. ಗ್ರಾಮಾಂತರದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಹುಟ್ಟಿದ ಸಂಸ್ಥೆಯದು. ಇಂಟರ್ ಮುಗಿಸಿದವರಿಗೆ ಎಂಜಿನಿಯರಿಂಗ್, ಕೃಷಿ, ಫಾರ್ಮಸಿಗಳಿಗೆ ಇ.ಎ.ಪಿ.ಸೆಟ್, ಬಿ.ಎ., ಬಿ.ಕಾಂ., ಬಿ.ಎಸ್ಸಿ.ಗಳಿಗೆ ದೋಸ್ತ್ ಎಂಬ ಒಂದೇ ಅರ್ಜಿ. ಉಪಾಧ್ಯಾಯ ತರಬೇತಿಗೆ ಡೀಸೆಟ್. ಕನ್ನಡ ಮಾಧ್ಯಮದ ಮಕ್ಕಳು ಈ ಕೊನೆಯದನ್ನು ಮರೆಯಬಾರದು. ತೆಲಂಗಾಣದ ಟೆಟ್ ಪರೀಕ್ಷೆಯಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ತೆಗೆದುಕೊಳ್ಳಬಹುದು. ಕನ್ನಡ ಶಾಲೆಗಳು ಉಳಿಯಬೇಕಾದರೆ ಕನ್ನಡ ಕಲಿತವರು ತರಬೇತಿ ಪಡೆದು ಆ ಹುದ್ದೆಗಳಿಗೆ ಬರಬೇಕು.

ಹಣದ ಮಾತಿಗೆ ಬಂದರೆ, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು ಮತ್ತು ಬಡ ಕುಟುಂಬದ ಇತರರಿಗೆ ರಾಜ್ಯ ಸರ್ಕಾರದ ಈ-ಪಾಸ್ ಮೂಲಕ ಶುಲ್ಕದ ಮರುಪಾವತಿಯೂ ವಿದ್ಯಾರ್ಥಿವೇತನವೂ ಉಂಟು. ಕಾಲೇಜಿಗೆ ಸೇರಿದ ಮೇಲೆ ಹಾಜರಿ ನೂರಕ್ಕೆ 75 ಇರಬೇಕು. ಹನ್ನೆರಡನೆಯದರಲ್ಲಿ ತಮ್ಮ ಮಂಡಳಿಯ ಮೇಲಿನ ನೂರಕ್ಕೆ ಇಪ್ಪತ್ತರ ಪಂಕ್ತಿಯಲ್ಲಿ ಬಂದವರು, ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ, ಕೇಂದ್ರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಪದವಿಯ ಓದಿಗೆ ವರ್ಷಕ್ಕೆ 12,000 ರೂಪಾಯಿ. ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ತಾಂತ್ರಿಕ ಡಿಪ್ಲೊಮಾ ಅಥವಾ ಪದವಿ ಸೇರುವ ಹುಡುಗಿಯರಿಗೆ ಪ್ರಗತಿ ಎಂಬ ಯೋಜನೆಯಲ್ಲಿ ವರ್ಷಕ್ಕೆ 50,000 ರೂಪಾಯಿ. ಒಂದು ಮನೆಯಿಂದ ಇಬ್ಬರಿಗೆ ಮಾತ್ರ.

ಗಡಿ ದಾಟುವುದೇ ಆದರೆ ಎರಡೂ ಕಡೆಯ ನಿಯಮವನ್ನು ಓದಿ ದಾಟಿರಿ. ವೃತ್ತಿಶಿಕ್ಷಣದ ಆಸೆಯುಳ್ಳವರು ಇಂಟರನ್ನು ಇಲ್ಲಿಯೇ ಮುಗಿಸುವುದು ಕ್ಷೇಮ. ಕನ್ನಡ ಸಾಹಿತ್ಯ, ಇತಿಹಾಸ, ಪತ್ರಿಕೋದ್ಯಮಗಳ ಕಡೆಗೆ ಮನಸ್ಸಿದ್ದವರಿಗೆ ಕಲಬುರಗಿಯಲ್ಲಿ 1980ರಿಂದ ಇರುವ ವಿಶ್ವವಿದ್ಯಾಲಯ ತಾಂಡೂರಿನಿಂದ ರೈಲಿನ ದಾರಿ. ನಿಯಮಗಳು ವರ್ಷ ವರ್ಷವೂ ತಿದ್ದಲ್ಪಡುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು. ನನ್ನ ನೋಟುಬುಕ್ಕನ್ನೂ ನಂಬಬಾರದು.

ಇಷ್ಟೆಲ್ಲ ಬರೆದ ಮೇಲೆ ನನ್ನ ಸ್ವಂತ ಕೆಲಸದ ಮಾತೊಂದು ಉಳಿಯಿತು. ಹೋದ ವರ್ಷ ನಾರಾಯಣಖೇಡದ ಕಡೆಯ ಹುಡುಗನೊಬ್ಬನ ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ನಿಂತಿತು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಮುಂದಿದೆ, ಆಧಾರಿನಲ್ಲಿ ಹಿಂದಿದೆ; ಇಂಗ್ಲಿಷಿನಲ್ಲಿ ಒಂದು ಕಡೆ ಒಂದಕ್ಷರ ಹೆಚ್ಚು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಹೆಸರು. ಯಂತ್ರಕ್ಕೆ ಅದು ತಿಳಿಯದು; ಅದು ಇವನನ್ನು ಇಬ್ಬರೆಂದು ಎಣಿಸಿತು. ಮೂಲ ಹುಡುಕುತ್ತ ಹೋದಾಗ ಸಿಕ್ಕಿದ್ದು ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕ. ಆ ಹೆಸರನ್ನು ಅವಸರದಲ್ಲಿ ಬರೆದವರು ನಮ್ಮಂಥ ಉಪಾಧ್ಯಾಯರೊಬ್ಬರು. ಕಾಲೇಜಿನ ಬಾಗಿಲು ನಮ್ಮ ಕೈಯಲ್ಲಿಲ್ಲವೆಂದು ನಾವು ತಿಳಿದಿದ್ದೇವೆ. ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಸೇರುವ ಮಗುವಿನ ಹೆಸರು, ಜನ್ಮದಿನ, ಜಾತಿಗಳನ್ನು ಬರೆಯುವಾಗಲೇ ಆ ಬಾಗಿಲಿನ ಕೀಲಿ ಒಂದು ಸಲ ನಮ್ಮ ಕೈಗೆ ಬರುತ್ತದೆ. ಈಗ ನಾನು ತಂದೆತಾಯಿಗಳ ಆಧಾರ್ ಪತ್ರ ನೋಡಿ, ಅವರಿಗೆ ಓದಿ ಕೇಳಿಸಿ, ಆಮೇಲೆ ಶಾಯಿಯಲ್ಲಿ ಬರೆಯುತ್ತೇನೆ.

ನನ್ನನ್ನೂ ಯಾರೋ ಹೀಗೆ ದಾರಿಗೆ ಹಚ್ಚಿದ್ದರು. ತರಬೇತಿ ಶಾಲೆಯ ಅರ್ಜಿಯ ಕೊನೆಯ ದಿನ ನಮ್ಮ ಗುರುಗಳು ಸೈಕಲ್ ಮೇಲೆ ಹೊಲಕ್ಕೇ ಬಂದು, ಬದುವಿನ ಮೇಲೆ ಕುಳಿತು ನನ್ನ ಸಹಿ ಹಾಕಿಸಿಕೊಂಡು ಹೋಗಿದ್ದರು. ಅವರು ಬಾರದಿದ್ದರೆ ನಾನಿಂದು ಯಾರ ಅರ್ಜಿಯನ್ನೂ ತುಂಬುವ ಸ್ಥಿತಿಯಲ್ಲಿರುತ್ತಿರಲಿಲ್ಲ.

ಈ ಮೇ ತಿಂಗಳಲ್ಲಿಯೂ ಕಟ್ಟೆ ತುಂಬಿತ್ತು. ಬಿ.ಎಸ್ಸಿ. ಮುಗಿಸಿದ ನನ್ನ ಆ ವಿದ್ಯಾರ್ಥಿನಿ ರಜೆಗೆ ಬಂದವಳು ನನ್ನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕುಳಿತಿದ್ದಳು. ಹುಡುಗನೊಬ್ಬನ ತಂದೆ, "ಇವನಿಗೂ ಬೀದರಕ್ಕೇ ಹಾಕ್ಲೇನ್ರಿ ಗುರುಗಳೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ನೋಟುಬುಕ್ಕು ಎಳೆದುಕೊಂಡು, "ಕುಂಡ್ರಿ ಕಾಕಾ, ಪೂರಾ ಹೇಳ್ತೀನಿ" ಎಂದಳು. ನಾನು ಸುಮ್ಮನೆ ಕೇಳುತ್ತ ಕುಳಿತೆ. ಅವಳು ಪೂರ್ಣವಾಗಿಯೇ ಹೇಳಿದಳು.