ಕ್ರಿಸ್ತಜಯಂತಿಯ ಹಾಡಿನೊಡನೆ ಒಂದು ರಾತ್ರಿ

ವಿಜಯಪುರದ ಬಯಲಿನ ಮೇಲೆ ಚಳಿಗಾಳಿಯು ಬೀಸತೊಡಗಿತೆಂದರೆ, ಅಲ್ಲಿನ ಕ್ರೈಸ್ತಸಭೆಯವರು ಹಾಡುತ್ತ ಮನೆಮನೆಗೆ ಹೋಗುವ ಕಾಲವು ಸಮೀಪಿಸಿತೆಂದೇ ತಿಳಿಯಬೇಕು. ಹೋದ ವರ್ಷ ಡಿಸೆಂಬರದಲ್ಲಿ ಅಂಥದೊಂದು ಗಾಯನವೃಂದದ ಸಂಗಡ ಟಿಕೋಟಾ, ಬಬಲೇಶ್ವರಗಳ ಕಡೆಗೆ ಪ್ರಯಾಣ ಮಾಡುವ ಯೋಗವು ನನಗೆ ಒದಗಿತು. ವೃಂದದ ಮುಖಂಡನು ನನ್ನ ಹಳೆಯ ವಿದ್ಯಾರ್ಥಿ. ಆತನು ಮನೆಗೆ ಬಂದು, “ಗುರುಗಳೇ, ಈ ವರ್ಷ ನಮ್ಮ ಕೂಡ ಬರ್ರಿ. ಹಾಡಿನ್ಯಾಗ ತಪ್ಪಿದ್ರ ತಿದ್ದಿ ಕೊಡ್ರಿ” ಎಂದನು. ಒಪ್ಪಿಕೊಂಡೆನು, ಆದರೆ ‘ತಪ್ಪು’ ಎಂಬ ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಅದಕ್ಕೆ ಕಾರಣವನ್ನು ವಾಚಕರಲ್ಲಿ ಮುಚ್ಚಿಡಲಾರೆನು.

ಸುಮಾರು ಮೂವತ್ತು ವರ್ಷಗಳ ಹಿಂದೆ ಆತನು ನನ್ನ ವರ್ಗದಲ್ಲಿದ್ದ ಹುಡುಗ. ಒಂದು ದಿನ ವಿದೇಶೀ ಧಾಟಿಯ ಕ್ರಿಸ್ತಜಯಂತಿಯ ಹಾಡೊಂದನ್ನು ಬಹು ಉತ್ಸಾಹದಿಂದ ಹಾಡಿದನು. ಹಾಡು ಮುಗಿದೊಡನೆ ನಾನು, “ಲಘುವನ್ನೆಳೆದು ಗುರು ಮಾಡಿದೆ, ಗುರುವನ್ನು ನುಂಗಿ ಲಘು ಮಾಡಿದೆ, ಇದು ಕನ್ನಡವೇನಪ್ಪಾ?” ಎಂದು ಕೇಳಿದೆನು. ಮಕ್ಕಳೆಲ್ಲ ನಕ್ಕರು. ಮುಂದೆ ಆ ಹುಡುಗನು ನನ್ನ ಎದುರಿನಲ್ಲಿ ಎಂದೂ ಬಾಯ್ದೆರೆದು ಹಾಡಲಿಲ್ಲ.

ಸಂಜೆ ಐದು ಗಂಟೆಗೆ ನಮ್ಮ ಗಾಡಿಯು ಹೊರಟಿತು. ಪೇಟಿ, ತಬಲಾ, ಒಂದು ಗಿಟಾರು, ಹದಿನಾಲ್ಕು ಜನ ಗಾಯಕರು. ಮುಹಮ್ಮದ ಆದಿಲಶಾಹನ ಗೋಲಗುಮ್ಮಟವು ಪೂರ್ವದಲ್ಲಿ ಹಿಂದುಳಿಯಿತು. ಪಶ್ಚಿಮದ ಕೋಟೆಯ ಹೊರಗೆ ಇಬ್ರಾಹಿಂ ರೋಜಾದ ಮಿನಾರುಗಳು ಕಂಡವು. ಅಲ್ಲಿ ಮಲಗಿರುವ ಎರಡನೆಯ ಇಬ್ರಾಹಿಂ ಆದಿಲಶಾಹನು (ಆಳ್ವಿಕೆ ೧೫೮೦–೧೬೨೭) ಸ್ವತಃ ಗೇಯಕಾರನು. ತನ್ನ ‘ಕಿತಾಬ್-ಎ-ನವರಸ್’ ಎಂಬ ದಖ್ಖನಿ ಕೃತಿಯಲ್ಲಿ ಈ ಮುಸಲ್ಮಾನ ದೊರೆಯು ಸರಸ್ವತಿಯನ್ನು ಸ್ತುತಿಸಿದ್ದಾನೆ. ಒಂದು ಮತದವರ ಹಾಡು ಮತ್ತೊಂದು ಮತದವರ ಬಾಗಿಲಿಗೆ ಹೋಗುವುದು ಈ ಊರಿಗೆ ಹೊಸದೇನಲ್ಲ.

ಈ ಹಾದಿಗಳಲ್ಲಿ ಕ್ರಿಸ್ತಗೀತವನ್ನು ತಂದವರು ಬಾಸೆಲ್ ಮಿಶನ್ನಿನವರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಹುಟ್ಟಿದ ಈ ಸಂಸ್ಥೆಯ ಪಾದ್ರಿಗಳು ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದರು. ಅಲ್ಲಿಂದ ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ, ೧೮೫೧ರಲ್ಲಿ ಗುಳೇದಗುಡ್ಡ—ಹೀಗೆ ಒಂದೊಂದೇ ಠಾಣೆಯನ್ನು ಹೂಡುತ್ತ ೧೮೮೫ರಲ್ಲಿ ಆಗಿನ ಬಿಜಾಪುರವನ್ನು ತಲುಪಿದರು. ಜಿಲ್ಲೆಯ ಮುಖ್ಯ ಕಛೇರಿಯು ಕಲಾದಗಿಯಿಂದ ಇಲ್ಲಿಗೆ ಬಂದುದೂ ಅದೇ ವರ್ಷ. ೧೮೭೬–೭೮ರ ಮಹಾಕ್ಷಾಮದಿಂದ ನಾಡು ಆಗಿನ್ನೂ ಚೇತರಿಸಿಕೊಳ್ಳುತ್ತಿತ್ತು.

ಪರದೇಶದಿಂದ ಬಂದ ಆ ಜನರು ತಮ್ಮ ಸಂಗಡ ತಮ್ಮ ಧಾಟಿಗಳನ್ನೂ ತಂದರು. ಆದರೆ ಜರ್ಮನ್ ಪದ್ಯವು ನಡೆಯುವುದು ಉಚ್ಚಾರದ ಒತ್ತಿನ ಮೇಲೆ. ಕನ್ನಡ ಪದ್ಯವು ನಡೆಯುವುದು ಅಕ್ಷರದ ಮಾತ್ರೆಯ ಮೇಲೆ. ಒಂದರ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಿದರೆ ಎಲ್ಲಿಯೋ ಬಿಗಿ, ಎಲ್ಲಿಯೋ ಸಡಿಲು. ಈ ತೊಡಕನ್ನು ಬಲ್ಲವರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಪಂಡಿತರು ಅಗ್ರಗಣ್ಯರು. ೧೮೫೩ರಲ್ಲಿ ಈ ದೇಶಕ್ಕೆ ಬಂದ ಅವರು ೧೮೬೨ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿಯೇ ಹಾಡಲು ಬರುವಂತೆ ರಚಿಸಿದರು, ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು, ೧೮೯೪ರಲ್ಲಿ ತಮ್ಮ ಮಹಾನಿಘಂಟನ್ನು ನಾಡಿಗೆ ಕೊಟ್ಟರು. ೧೯೧೪ರಲ್ಲಿ ಮಹಾಯುದ್ಧವು ಆರಂಭವಾದ ಮೇಲೆ ಜರ್ಮನ್ ಪಾದ್ರಿಗಳು ಈ ನಾಡನ್ನು ಬಿಡಬೇಕಾಯಿತು. ಹಾಡು ಮಾತ್ರ ನಿಲ್ಲಲಿಲ್ಲ. ಇಲ್ಲಿಯವರ ಕೊರಳಿನಲ್ಲಿಯೇ ಮುಂದುವರಿಯಿತು. ನನ್ನ ಸಂಗಡ ಗಾಡಿಯಲ್ಲಿ ಕುಳಿತವರೂ ಇದೇ ಮಣ್ಣಿನವರು: ಶಿಕ್ಷಕರು, ದಾದಿಯರು, ಗುಮಾಸ್ತರು, ಕಾಲೇಜಿನ ಮಕ್ಕಳು.

ಟಿಕೋಟಾ ನಗರದಿಂದ ಪಶ್ಚಿಮಕ್ಕಿದೆ. ಒಂದು ಕಾಲಕ್ಕೆ ಬರಿಯ ಜೋಳದ ಸೀಮೆಯಾಗಿದ್ದ ಇಲ್ಲಿ ಈಗ ಎತ್ತ ನೋಡಿದರತ್ತ ದ್ರಾಕ್ಷಿಯ ಹಂದರ. ನಡುನಡುವೆ ಹಣ್ಣನ್ನು ಒಣಗಿಸುವ ಉದ್ದನೆಯ ಶೆಡ್ಡುಗಳು. ಊರ ಹೊರಗಿನ ಒಂದು ಮನೆಯ ಅಂಗಳದಲ್ಲಿ ನಾಲ್ಕಾರು ಕುಟುಂಬಗಳು ಕೂಡಿದ್ದವು. ನಮ್ಮವರು ನಾಲ್ಕು ಸ್ವರಗಳಲ್ಲಿ ಬಹಳ ಅಚ್ಚುಕಟ್ಟಾಗಿ ಹಾಡಿದರು. ಕೇಳಿದವರು ಕೈಕಟ್ಟಿ ಗೌರವದಿಂದ ಕೇಳಿದರು, ಚಹಾ ಕೊಟ್ಟರು, ಕೈಮುಗಿದರು. ಆದರೆ ಒಬ್ಬರೂ ದನಿಗೂಡಿಸಲಿಲ್ಲ. ಪುನಃ ಗಾಡಿಯನ್ನೇರಿದಾಗ ನನ್ನ ಶಿಷ್ಯನು ಮೌನವಾಗಿದ್ದನು. ನಾನೋ, ಮನಸ್ಸಿನಲ್ಲಿಯೇ ಲಘುಗುರುಗಳನ್ನೆಣಿಸಿ, ಅಂದು ನಾನಾಡಿದುದೇ ಸರಿಯೆಂದು ಸಮಾಧಾನಪಟ್ಟುಕೊಂಡೆನು!

ಬಬಲೇಶ್ವರದ ಸೀಮೆಯನ್ನು ಮುಟ್ಟುವಾಗ ಚಳಿಯು ಬಲಿತಿತ್ತು. ಡೋಣಿಯ ಕಡೆಯ ಎರೆಹೊಲಗಳಲ್ಲಿ ಬಿಳಿಜೋಳವು ತೆನೆಬಿಟ್ಟು ನಿಂತಿತ್ತು. ಎಳ್ಳಮಾವಾಸ್ಯೆಯ ಚರಗಕ್ಕೆ ಹೊಲಗಳು ಸಿದ್ಧವಾಗುವ ಕಾಲವದು. ಒಂದು ತೋಟದ ಮನೆಯ ಮುಂದೆ ಬೆಂಕಿ ಹಾಕಿಕೊಂಡು ಜನರು ಕಾದಿದ್ದರು. ಕ್ರೈಸ್ತರೆಂದರೆ ಎರಡೇ ಮನೆಯವರು, ಉಳಿದವರು ನೆರೆಹೊರೆಯವರು. ನಮ್ಮವರು ಮೊದಲು ಒಂದು ಹಳೆಯ ಧಾಟಿಯನ್ನೆತ್ತಿಕೊಂಡರು. ೧೮೧೮ರಲ್ಲಿ ಆಸ್ಟ್ರಿಯಾ ದೇಶದ ಓಬರ್ನ್‌ಡಾರ್ಫ್ ಎಂಬ ಚಿಕ್ಕ ಊರಿನ ಗುಡಿಯಲ್ಲಿ ಗಿಟಾರಿನೊಡನೆ ಮೊದಲು ಹಾಡಲ್ಪಟ್ಟು, ಈಗ ಲೋಕವನ್ನೆಲ್ಲ ಸುತ್ತಿರುವ ಧಾಟಿಯದು. ಪದ್ಯವು ಯೋಸೆಫ್ ಮೋರ್ ಎಂಬ ಪಾದ್ರಿಯದು, ಸ್ವರಸಂಯೋಜನೆಯು ಫ್ರಾಂಟ್ಸ್ ಗ್ರೂಬರ್ ಎಂಬ ಶಾಲಾಮಾಸ್ತರನದು.

ಹಾಡು ಮುಗಿಯುತ್ತಲೇ ಮೂಲೆಯಲ್ಲಿದ್ದ ಮುದುಕಿಯೊಬ್ಬಳು, “ಇದು ತೊಟ್ಟಿಲ ಹಾಡು ಇದ್ದಂಗ ಐತೆಲ್ಲ! ತಡೀರಿ, ನಾವೂ ಹಾಡತೀವಿ” ಎಂದಳು. ಸೊಸೆಯಂದಿರು, ನೆರೆಮನೆಯ ಹೆಣ್ಣುಮಕ್ಕಳು ಅವಳ ಸುತ್ತ ಕುಳಿತರು. ತಮ್ಮ ಮನೆಗಳಲ್ಲಿ ತೊಟ್ಟಿಲು ತೂಗುವಾಗ ಹಾಡುವ ಜೋಗುಳದ ಮಟ್ಟಿನಲ್ಲಿಯೇ, ಗೋದಲಿಯಲ್ಲಿ ಹುಟ್ಟಿದ ಕೂಸನ್ನು ಹೆಸರಿಟ್ಟು ಕರೆದು ತೂಗಿದರು. ಮುದುಕಿಯು ಒಂದು ಅಕ್ಷರವನ್ನು ಹಿಡಿದಳೆಂದರೆ ಉಸಿರಿರುವವರೆಗೂ ಬಿಡಲೊಲ್ಲಳು. ಲಘುವೆಂಬುದು ಅವಳ ಕೊರಳಲ್ಲಿ ಎರಡಲ್ಲ, ಆರು ಮಾತ್ರೆಯಾಗಿ ತೂಗಾಡಿತು. ಆದರೂ ಅದು ಅಚ್ಚಗನ್ನಡ! ನನ್ನ ಶಿಷ್ಯನು ಪೇಟಿಯ ಮೇಲೆ ಮೆಲ್ಲನೆ ಆ ಮಟ್ಟನ್ನು ಹುಡುಕಿದನು, ತಬಲಾದವನು ಹೆಜ್ಜೆ ಹಿಡಿದನು, ನಗರದಿಂದ ಬಂದವರೆಲ್ಲರೂ ಪಲ್ಲವಿಗೆ ದನಿಗೂಡಿಸಿದರು.

ನಾನು ತಲೆತಗ್ಗಿಸಿ ಕುಳಿತೆನು. ಛಂದಃಶಾಸ್ತ್ರವು ಪದ್ಯವನ್ನು ಅಳೆಯುವ ಕೋಲು, ಗಾನವನ್ನು ಕಟ್ಟುವ ಹಗ್ಗವಲ್ಲ. ಸಾಮಗಾನ ಮಾಡುವವರು ಋಕ್ಕಿನ ಅಕ್ಷರಗಳನ್ನು ಎಳೆಯುತ್ತಾರೆ, ಒಡೆಯುತ್ತಾರೆ, ನಡುವೆ ಅರ್ಥವಿಲ್ಲದ ಸ್ತೋಭಾಕ್ಷರಗಳನ್ನೂ ಸೇರಿಸುತ್ತಾರೆ. ಅದನ್ನು ತಪ್ಪೆಂದು ಯಾವ ಪಂಡಿತನೂ ಹೇಳಲಾರನು. ಇದು ನಾನು ಹುಡುಗನಾಗಿದ್ದಾಗಲೇ ಪಾಠಶಾಲೆಯಲ್ಲಿ ಕಲಿತ ವಿಷಯ. ವೇದದಲ್ಲಿ ಒಪ್ಪಿಕೊಂಡುದನ್ನು ಒಬ್ಬ ಬಾಲಕನ ಬಾಯಲ್ಲಿ ಒಪ್ಪದೆ ಹೋದೆನು. ನನಗೆ ಸೇರದಿದ್ದುದು ಮಾತ್ರೆಯ ದೋಷವಲ್ಲ, ಧಾಟಿಯ ಪರಕೀಯತೆ. ಆ ಅಸಹನೆಗೆ ಶಾಸ್ತ್ರದ ಶಾಲನ್ನು ಹೊದಿಸಿದ್ದೆನು.

ಹಿಂದಿರುಗುವಾಗ ಎಲ್ಲರೂ ತೂಕಡಿಸುತ್ತಿದ್ದರು. ಶಿಷ್ಯನ ಪಕ್ಕದಲ್ಲಿ ಕುಳಿತು, “ಅಂದು ವರ್ಗದಲ್ಲಿ ನಾನು ಆಡಿದ ಮಾತು ತಪ್ಪಾಗಿತ್ತಪ್ಪಾ. ನಿನ್ನ ಹಾಡಿನಲ್ಲಿ ದೋಷವಿರಲಿಲ್ಲ” ಎಂದೆನು. ಆತನು ಬಹಳ ಹೊತ್ತು ಕಿಟಕಿಯಾಚೆ ನೋಡಿದನು. ಆತನು ಮರೆತಿರಲಿಲ್ಲವೆಂಬುದು ಆ ಮೌನದಿಂದಲೇ ತಿಳಿಯಿತು. ಬಳಿಕ ಮೆಲ್ಲನೆ, “ನಾಳೆ ಸಂಜಿಗೆ ಮತ್ತೆರಡು ಹಳ್ಳಿ ಅದಾವ್ರಿ ಗುರುಗಳೇ. ಬರ್ರಿ. ತಿದ್ದಾಕಲ್ಲ, ಹಾಡಾಕ” ಎಂದನು.

ನಸುಕಿನ ಮಂಜಿನಲ್ಲಿ ಗೋಲಗುಮ್ಮಟವು ಕಾಣಿಸತೊಡಗಿತ್ತು. ಅದರೊಳಗಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲನೆ ಆಡಿದ ಮಾತೂ ಎದುರುಗೋಡೆಯಲ್ಲಿ ಕಿವಿಯಿಟ್ಟವನಿಗೆ ಕೇಳಿಸುತ್ತದೆ. ನನ್ನ ಮಾತು ಎದುರುಗೋಡೆಯನ್ನು ಮುಟ್ಟಲು ಮೂವತ್ತು ವರ್ಷ ಬೇಕಾಯಿತು. ಮರುದಿನ ಸಂಜೆ ಐದಕ್ಕೆ ಮೊದಲೇ ಹೋಗಿ ನಾನು ಗಾಡಿಯಲ್ಲಿ ಕುಳಿತಿದ್ದೆನು.