ಐನೂರ ಎಂಬತ್ತೋ, ಸಾವಿರದ ಅರವತ್ತೋ

ನನ್ನ ತಮ್ಮ ಕಡೇಚೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. 2025ರ ಮಾರ್ಚಿನಲ್ಲಿ ಒಂದು ರಾತ್ರಿ ಫೋನ್ ಮಾಡಿ, "ಯಕ್ಕಾ, ನಿನಗೊಂದು ಮಾತ ಕೇಳದಿತ್ತು" ಅಂದ. ಅವನು ಹೀಗೆ ಪೀಠಿಕೆ ಹಾಕಿದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತಲೇ ಅರ್ಥ. ಎದ್ದು ಕುಳಿತೆ. ಅವನು ಕೇಳಿದ್ದು: "ಐನೂರ ಎಂಬತ್ತು ತಗೊಳ್ಲೋ, ಸಾವಿರದ ಅರವತ್ತು ತಗೊಳ್ಲೋ?"

ಎರಡೂ ಗ್ರಾಫಿಕ್ಸ್ ಕಾರ್ಡುಗಳ ಹೆಸರು. ಒಂದು ಎಎಂಡಿಯ ಆರ್‌ಎಕ್ಸ್ 580, 2017ರದು. ಇನ್ನೊಂದು ಎನ್ವಿಡಿಯಾದ ಜಿಟಿಎಕ್ಸ್ 1060, 2016ರದು. ಈ ಲೋಕದಲ್ಲಿ ಎಂಟೊಂಬತ್ತು ವರ್ಷವೆಂದರೆ ಮುಪ್ಪು. ಕಂಪ್ಯೂಟರಿನ ಪರದೆಯಲ್ಲಿ ಅಡ್ಡಡ್ಡ 1920, ಉದ್ದುದ್ದ 1080 ಚುಕ್ಕೆಗಳಿರುತ್ತವೆ. ಗುಣಿಸಿದರೆ ಇಪ್ಪತ್ತು ಲಕ್ಷ ದಾಟುತ್ತದೆ. ಆಟ ನುಣ್ಣಗೆ ಓಡಬೇಕಾದರೆ ಆ ಇಡೀ ಚಿತ್ರವನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಬೇಕು. ಅಂದರೆ ಸೆಕೆಂಡಿಗೆ ಹನ್ನೆರಡು ಕೋಟಿಗೂ ಮಿಕ್ಕಿ ಚುಕ್ಕೆಗಳ ಬಣ್ಣ ತೀರ್ಮಾನವಾಗಬೇಕು. ಈ ಕೂಲಿ ಕೆಲಸ ಮಾಡುವುದು ಗ್ರಾಫಿಕ್ಸ್ ಕಾರ್ಡು. ಸಾವಿರಾರು ಸಣ್ಣ ಲೆಕ್ಕಿಗರು ಒಂದೇ ಸಲಕ್ಕೆ ದುಡಿಯುತ್ತಾರೆ: 1060ರ ಒಳಗೆ 1280 ಜನ, 580ರ ಒಳಗೆ 2304 ಜನ. ಜನ ಜಾಸ್ತಿ ಅಂದಕೂಡಲೇ ಕೆಲಸ ಜಾಸ್ತಿ ಅಂತಲ್ಲ, ಎರಡು ಕಂಪನಿಗಳ ಲೆಕ್ಕಿಗರು ಒಂದೇ ತರಹದವರಲ್ಲ. ಹೊಸದಿದ್ದಾಗ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ, ಒಂದೇ ಗತ್ತು.

ಅವನಿಗೆ ಬೇಕಾಗಿದ್ದು ಒಂದೇ ಆಟ, ರೆಡ್ ಡೆಡ್ ರಿಡೆಂಪ್ಶನ್ 2. ಸೇಲ್‌ನಲ್ಲಿ ಕೊಂಡು, 150 ಜಿಬಿಯನ್ನು ಯಾದಗಿರಿಯ ಗೆಳೆಯನ ಮನೆಯ ಫೈಬರಿನಲ್ಲಿ ಇಳಿಸಿ, ಹಾರ್ಡ್‌ಡಿಸ್ಕಿನಲ್ಲಿ ಹೊತ್ತು ತಂದಿದ್ದ. ಕಾರ್ಡಿಲ್ಲದ ಅವನ ಕಂಪ್ಯೂಟರಿನಲ್ಲಿ ಅದು ಫೋಟೋ ಆಲ್ಬಮ್ಮಿನ ಹಾಗೆ ಒಂದೊಂದೇ ಚಿತ್ರ ತೋರಿಸುತ್ತಿತ್ತು. "ಗುದ್ದಾಟ ಬ್ಯಾಡ ಯಕ್ಕಾ. ಸುಮ್ಮಕ ಕುದುರಿ ಮ್ಯಾಲೆ ಹೊಂಟ್ರ ಸಾಕು" ಅನ್ನುತ್ತಿದ್ದ.

ನಾನು ಸಂಶೋಧನಾ ವಿದ್ಯಾರ್ಥಿನಿ. ಹೋಲಿಸು ಎಂದರೆ ಕೋಷ್ಟಕ ಹಾಕುವುದು ನನ್ನ ರೋಗ. ಎರಡು ವಾರ ವಿಡಿಯೋ ನೋಡಿದೆ, ಪರೀಕ್ಷಾ ವರದಿ ಓದಿದೆ. ಆ ಹೊತ್ತಿಗೆ ಪ್ರಬಂಧದ ಮೂರನೇ ಅಧ್ಯಾಯ ನಿಂತುಹೋಗಿತ್ತು, ಆದ್ದರಿಂದ ಈ ಕೆಲಸಕ್ಕೆ ವಿಪರೀತ ಉತ್ಸಾಹ. ಮೆಮೊರಿ: 580ಕ್ಕೆ 8 ಜಿಬಿ, 1060ಕ್ಕೆ 6. ಮೆಮೊರಿಯ ವೇಗ: ಸೆಕೆಂಡಿಗೆ 256 ಜಿಬಿ, ಎದುರಿಗೆ 192. ವಿದ್ಯುತ್ತು: 185 ವ್ಯಾಟ್, ಎದುರಿಗೆ 120. ಹಳೆಯ ಡೈರೆಕ್ಟ್‌ಎಕ್ಸ್ 11ರ ಆಟಗಳಲ್ಲಿ 1060 ಮುಂದು, ವಲ್ಕನ್ ಮತ್ತು ಡೈರೆಕ್ಟ್‌ಎಕ್ಸ್ 12ರ ಹೊಸ ಆಟಗಳಲ್ಲಿ 580 ಮುಂದು. ಸೆಕೆಂಡ್ ಹ್ಯಾಂಡ್‌ನಲ್ಲಿ ನಮಗೆ ಹೇಳಿದ ಬೆಲೆ 580ಕ್ಕೆ 5,500 ರೂಪಾಯಿ, 1060ಕ್ಕೆ 7,000.

580 ಅಗ್ಗವಾಗಲು ಒಂದು ಕಾರಣವಿದೆ. ಇಥೀರಿಯಂ ಎಂಬ ಡಿಜಿಟಲ್ ಹಣವನ್ನು ಗ್ರಾಫಿಕ್ಸ್ ಕಾರ್ಡುಗಳಿಂದ ಗಣಿಗಾರಿಕೆ ಮಾಡುತ್ತಿದ್ದ ಕಾಲದಲ್ಲಿ ಗಣಿಗಾರರಿಗೆ ಇದು ಬಲು ಪ್ರೀತಿ. ಹಗಲೂ ರಾತ್ರಿ ಸಾಲಾಗಿ ನಿಲ್ಲಿಸಿ ದುಡಿಸಿದರು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಆ ಪದ್ಧತಿಯನ್ನೇ ಬಿಟ್ಟಿತು. ಒಂದೇ ದಿನದಲ್ಲಿ ನಿರುದ್ಯೋಗಿಗಳಾದ ಕಾರ್ಡುಗಳು ಒರೆಸಿ, ತೊಳೆದು, ಮಾರುಕಟ್ಟೆಗೆ ಬಂದವು. 1060 ಹಾಗಲ್ಲ ಅಂತಲ್ಲ, ಅದೂ ದುಡಿದಿದೆ. ಆದರೆ ಸ್ಟೀಮ್ ಎಂಬ ಆಟದಂಗಡಿಯ ಸಮೀಕ್ಷೆಯಲ್ಲಿ ಅದು ವರ್ಷಗಟ್ಟಲೆ, 2022ರ ಕೊನೆಯ ತನಕ, ಅತಿ ಹೆಚ್ಚು ಜನ ಬಳಸುವ ಕಾರ್ಡಾಗಿತ್ತು. ಅದನ್ನು ಇಟ್ಟುಕೊಂಡವರು ಸುಲಭಕ್ಕೆ ಬಿಡುವುದಿಲ್ಲ.

ನಾನು 580 ಅಂತ ಹೇಳಿದೆ. ಹಾಗೆ ಹೇಳಿದ್ದಕ್ಕೆ ಇನ್ನೊಂದು ಕಾರಣವಿತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಸೈದಾಪುರದವರಿಗೆ ಬೆಂಗಳೂರಿನ ಎಸ್.ಪಿ. ರೋಡ್ ದೂರ, ಸಿಕಂದರಾಬಾದಿನ ಪಾರ್ಕ್‌ಲೇನ್ ಹತ್ತಿರ. ಏಪ್ರಿಲ್ ಮೊದಲ ವಾರ ಇಬ್ಬರೂ ರೈಲಿನಲ್ಲಿ ವಾಡಿ ಮೇಲೆ ಹೋದೆವು. ಪ್ರಶ್ನೆಗಳನ್ನೆಲ್ಲ ನಾನು ಕೇಳಿದೆ, ಅಂಗಡಿಯವನು ಉತ್ತರಗಳನ್ನೆಲ್ಲ ತಮ್ಮನಿಗೆ ಕೊಟ್ಟ. ಕಾರ್ಡು ಫಳಫಳ ಹೊಳೆಯುತ್ತಿತ್ತು. ಅಲ್ಲೇ ಹಾಕಿ ತೋರಿಸಿದ, ಹತ್ತು ನಿಮಿಷ ಓಡಿತು. ತಮ್ಮ ಅದನ್ನು ಟವಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದ.

ಮನೆಯಲ್ಲಿ ಅದು ಇಪ್ಪತ್ತು ನಿಮಿಷ ಓಡಿತು. ಕುದುರೆ ಹೊಳೆ ದಾಟುತ್ತಿತ್ತು, ಕಂಪ್ಯೂಟರ್ ಬಂದ್ ಆಯಿತು. ಕರೆಂಟ್ ಹೋಯಿತು ಅಂತ ಮೇಲೆ ನೋಡಿದರೆ ಫ್ಯಾನ್ ತಿರುಗುತ್ತಿದೆ. ಮತ್ತೆ ಹಚ್ಚಿದ, ಮತ್ತೆ ಬಂದ್. ಮೂರನೇ ಸಲಕ್ಕೆ ಅವನ ಮುಖ ನೋಡಲಾಗಲಿಲ್ಲ. 5,500 ಅವನಿಗೆ ಎಷ್ಟು ರಾತ್ರಿ ಪಾಳಿ ಅನ್ನುವುದು ನನಗೆ ಗೊತ್ತು.

ಮರುದಿನ ಅವನು ಕ್ಯಾಬಿನೆಟ್ ಬಿಚ್ಚಿ ಎಸ್‌ಎಂಪಿಎಸ್ ಹೊರಗೆ ತೆಗೆದ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಇಳಿಸಿ ಕೊಡುವ ಡಬ್ಬಿ ಅದು. ಮೇಲೆ ದಪ್ಪ ಅಕ್ಷರದಲ್ಲಿ 450 ವ್ಯಾಟ್ ಎಂದಿದೆ. ನನ್ನ ಕೋಷ್ಟಕದಲ್ಲಿ ನಾನು ಬರೆದುಕೊಂಡಿದ್ದೂ ಅಷ್ಟೇ. ಅವನು ಬದಿಯ ಸಣ್ಣ ಅಕ್ಷರಕ್ಕೆ ಬೆರಳಿಟ್ಟ: 12 ವೋಲ್ಟ್, 18 ಆಂಪಿಯರ್. "ಗುಣಿಸು" ಅಂದ. 216. ಕಾರ್ಡಿಗೂ ಪ್ರೊಸೆಸರಿಗೂ ಸಿಗುವುದು ಈ 12 ವೋಲ್ಟಿನ ಸಾಲಿನಿಂದಲೇ, ಉಳಿದ ವ್ಯಾಟುಗಳು ಬೇರೆ ವೋಲ್ಟಿನವು. ಅವನ ಐ5-4570 ಪ್ರೊಸೆಸರ್ 2013ರದು, ಅದಕ್ಕೇ 84 ವ್ಯಾಟ್ ತನಕ ಬೇಕು. 580ರ 185 ಸೇರಿಸಿದರೆ 269. ನಾನು ಪಿಎಚ್‌.ಡಿ. ಮಾಡುವವಳು. ಅವನು ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನು, ನನ್ನ ಎಂ.ಎ. ಮುಗಿಯಲಿ ಅಂತ.

ಅಷ್ಟಕ್ಕೇ ನಿಲ್ಲಲಿಲ್ಲ. ಕಾರ್ಡಿನ ಒಳಗುಟ್ಟು ಹೇಳುವ ಒಂದು ಸಣ್ಣ ತಂತ್ರಾಂಶ ಹಾಕಿ ನೋಡಿದ. ಲೆಕ್ಕಿಗರು 2304 ಇರಬೇಕಿತ್ತು, ತೋರಿಸಿದ್ದು 2048. 2018ರ ಅಕ್ಟೋಬರಿನಲ್ಲಿ ಚೀನಾ ಮಾರುಕಟ್ಟೆಗೆಂದು ಆರ್‌ಎಕ್ಸ್ 580 2048ಎಸ್‌ಪಿ ಎಂಬ ಕಾರ್ಡು ಬಂದಿತ್ತು. ಹೆಸರು 580, ಒಳಗಿನ ಶಕ್ತಿ ಅದರ ತಮ್ಮ 570ರದು. ಅಂಥವು ಎಲ್ಲೆಲ್ಲಿಂದಲೋ ಇಲ್ಲಿಗೂ ಬರುತ್ತವೆ. ಅಂಗಡಿಯವನು ಸುಳ್ಳು ಹೇಳಿದ ಅಂತ ಹೇಳಲಾರೆ, ಲೇಬಲ್ಲಿನ ಮೇಲೆ 580 ಅಂತಲೇ ಇದೆ. ಎನ್ವಿಡಿಯಾ ಏನು ಕಡಿಮೆಯಿಲ್ಲ. 3 ಜಿಬಿಯ 1060 ಅಂತ ಮಾರಿದ್ದರಲ್ಲಿ ಮೆಮೊರಿ ಮಾತ್ರ ಕಡಿಮೆ ಅಂದುಕೊಂಡರೆ, ಲೆಕ್ಕಿಗರೂ 1152ಕ್ಕೆ ಇಳಿದಿದ್ದಾರೆ. ಹಳೆ ಕಾರ್ಡು ಕೊಳ್ಳುವವರು ಹೆಸರು ನೋಡಬೇಡಿ, ಈ ಸಂಖ್ಯೆ ನೋಡಿ.

ನಾನು ಓದಿದ ಪರೀಕ್ಷೆಗಳ ಬಗ್ಗೆ ಆಗ ಯೋಚಿಸಿದೆ. ಹೆಚ್ಚಿನವು ತಂಪು ಕೋಣೆಯಲ್ಲಿ, ಅತ್ಯುತ್ತಮ ಪ್ರೊಸೆಸರಿನ ಜೊತೆ, ಕದಲದ ಕರೆಂಟಿನಲ್ಲಿ ನಡೆದವು. ಕಾರ್ಡನ್ನಷ್ಟೇ ಅಳೆಯಬೇಕಾದರೆ ಅದೇ ಸರಿಯಾದ ಕ್ರಮ. ಆದರೆ ತಮ್ಮನ ಕೋಣೆ ಮಾಳಿಗೆಯ ಮೇಲೆ, ತಗಡಿನ ಕೆಳಗೆ. ಏಪ್ರಿಲ್ ಕೊನೆಯಲ್ಲಿ ರಾತ್ರಿ ಹತ್ತಕ್ಕೂ ಅಲ್ಲಿ 36 ಡಿಗ್ರಿ. ಕಾರ್ಡಿನ ಫ್ಯಾನು ಎಷ್ಟೇ ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅಲ್ಲಿ 20 ಡಿಗ್ರಿಯ ಕೋಣೆಯಲ್ಲಿ 70ಕ್ಕೆ ನಿಲ್ಲುವ ಕಾರ್ಡು ಇಲ್ಲಿ 85 ದಾಟುತ್ತದೆ. ಮತ್ತೆ, ಅದು ತಿಂದ ವ್ಯಾಟೆಲ್ಲ ಕೊನೆಗೆ ಬಿಸಿಯಾಗಿ ಅದೇ ಕೋಣೆಗೆ ಬೀಳುತ್ತದೆ. 185 ಮತ್ತು 120ರ ನಡುವಿನ 65 ವ್ಯಾಟ್ ನನ್ನ ಕೋಷ್ಟಕದಲ್ಲಿ ಕೊನೆಯ ಸಾಲಾಗಿತ್ತು. ಧೂಳಿನ ಸಾಲೇ ಇರಲಿಲ್ಲ. ನಮ್ಮ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಗಾಳಿಯಲ್ಲೇ ಅರಳೆ ಇರುತ್ತದೆ, ಕಾರ್ಡಿನ ಸಂದುಗಳಲ್ಲಿ ಅದು ಹಾಸಿಗೆ ಹಾಸುತ್ತದೆ.

ಹೊಸ ಎಸ್‌ಎಂಪಿಎಸ್ ಅಂದರೆ ಇನ್ನೊಂದು 2,800. ಸೇರಿಸಿದರೆ ನಾನು ಅಗ್ಗ ಎಂದ ಕಾರ್ಡು 8,300ಕ್ಕೆ ನಿಂತಿತು. ಅರ್ಧ ದುಡ್ಡು ನಾನು ಕೊಡುತ್ತೇನೆ ಅಂದೆ. ಫೆಲೋಶಿಪ್ ಬಂದು ಎಷ್ಟು ತಿಂಗಳಾಯಿತು ಅಂತ ಅವನು ಕೇಳಲಿಲ್ಲ, ಸುಮ್ಮನೆ ನಕ್ಕ.

ಮುಂದಿನ ವಾರ ಅವನು ಬೇರೆಯೇ ದಾರಿ ಹಿಡಿದ. ಕಾರ್ಡಿನ ವೋಲ್ಟೇಜನ್ನು ತಂತ್ರಾಂಶದಿಂದ ಸ್ವಲ್ಪಸ್ವಲ್ಪವೇ ಇಳಿಸುತ್ತ ಹೋದ. ವೇಗ ತುಸು ತಗ್ಗಿಸಿದ, ಸೆಕೆಂಡಿಗೆ 45 ಚಿತ್ರ ಸಾಕು ಅಂತ ಕಟ್ಟು ಹಾಕಿದ. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಹತ್ತಿರ ವ್ಯಾಟ್ ಮೀಟರ್ ಕೇಳಿ ತಂದು ಗೋಡೆಯ ಪ್ಲಗ್ಗಿಗೆ ಹಚ್ಚಿದ. ಮೊದಲು ಬಂದ್ ಆಗುವ ಮುಂಚೆ 300 ಮುಟ್ಟುತ್ತಿದ್ದದ್ದು ಈಗ 250ರ ಸುತ್ತ ನಿಂತಿತು. ಕುದುರೆ ಹೊಳೆ ದಾಟಿತು. ಫೋನಿನಲ್ಲಿ ವಿಡಿಯೋ ಕಳಿಸಿದ; ಆಚೆ ದಡದಲ್ಲಿ ಸುಮ್ಮನೆ ನಿಂತ ಕುದುರೆ, ಅದರ ಮೈಯಿಂದ ನೀರು ತೊಟ್ಟಿಕ್ಕುತ್ತಿದೆ.

ಜೂನ್‌ನಲ್ಲಿ ಊರಿಗೆ ಹೋದಾಗ ಯಾದಗಿರಿಯ ಅದೇ ಗೆಳೆಯನ 1060 ಎರಡು ರಾತ್ರಿಗೆ ನಮ್ಮ ಮನೆಗೆ ಬಂತು, 6 ಜಿಬಿಯದು. ಈ ಸಲ ಅಳೆದದ್ದು ನಮ್ಮ ಕೋಣೆಯಲ್ಲೇ, ಕಟ್ಟು ಬಿಚ್ಚಿ. ರೆಡ್ ಡೆಡ್‌ನಲ್ಲಿ ನಮ್ಮ 580ಕ್ಕೆ ಸರಾಸರಿ 46 ಚಿತ್ರ, 1060ಕ್ಕೆ 44. ಜಿಟಿಎ 5ರಲ್ಲಿ 580ಕ್ಕೆ 63, 1060ಕ್ಕೆ 71. ಡೈರೆಕ್ಟ್‌ಎಕ್ಸ್ 11ರಲ್ಲಿ ಎಎಂಡಿಯ ಚಾಲಕ ತಂತ್ರಾಂಶ ಪ್ರೊಸೆಸರಿಗೆ ಹೆಚ್ಚು ಕೆಲಸ ಹಚ್ಚುತ್ತದೆ, ನಮ್ಮ ಹಳೆ ಐ5ಗೆ ಆ ಭಾರ ತಡೆಯದು. ದೊಡ್ಡ ಪ್ರೊಸೆಸರಿನ ಪರೀಕ್ಷೆಗಳಲ್ಲಿ ಇದು ಕಾಣುವುದೇ ಇಲ್ಲ. ಆಟದ ಪಟ್ಟಣಕ್ಕೆ ಹೊಕ್ಕಾಗ ಮಾತ್ರ ಎರಡೂ ಒಂದೇ ತರಹ ಮುಗ್ಗರಿಸಿದವು. ಅಲ್ಲಿ ಸೋತದ್ದು ಪ್ರೊಸೆಸರ್. ಸರಾಸರಿ ಎಂಬುದು ಬಸ್‌ಸ್ಟ್ಯಾಂಡಿನ ವೇಳಾಪಟ್ಟಿ ಇದ್ದ ಹಾಗೆ: ಗಂಟೆಗೆ ನಾಲ್ಕು ಬಸ್ಸು ನಿಜ, ಆದರೆ ಮೂರು ಒಟ್ಟಿಗೆ ಬಂದು ಹೋದರೆ ಉಳಿದ ಮುಕ್ಕಾಲು ಗಂಟೆ ನಿಂತೇ ಇರಬೇಕು.

ಮೀಟರಿನಲ್ಲಿ 1060 ತೋರಿಸಿದ್ದು 240. ಕಟ್ಟು ಹಾಕದ 580ಕ್ಕಿಂತ 60 ಕಡಿಮೆ. ದಿನಕ್ಕೆ ಮೂರು ತಾಸು ಆಡಿದರೆ ತಿಂಗಳಿಗೆ ಐದೂವರೆ ಯೂನಿಟ್ಟಿನಷ್ಟು ಉಳಿತಾಯ. ನಗಬೇಡಿ. ಗೃಹಜ್ಯೋತಿಯಲ್ಲಿ ನಮ್ಮ ಮನೆಯ ಹಳೆ ಸರಾಸರಿ 60 ಯೂನಿಟ್, ಅದರ ಮೇಲೆ ಶೇ. 10 ಬಿಟ್ಟಿದ್ದಾರೆ, ಅಂದರೆ ಆರು ಯೂನಿಟ್. ಅಮ್ಮ ಬಿಲ್ಲು ಬಂದ ದಿನ ಅದನ್ನೇ ಮೊದಲು ನೋಡುವುದು.

ಎರಡನೇ ರಾತ್ರಿ ಅವನು ಮಲಗಲು ಹೋದ ಮೇಲೆ ನಾನು ಒಂದು ಕೆಲಸ ಮಾಡಿದೆ. ನನ್ನ ಸಂಶೋಧನೆಗೆ ಹಳೆಯ ಅಚ್ಚಿನ ಕನ್ನಡ ಪುಟಗಳ ಫೋಟೋ ತೆಗೆದಿಟ್ಟಿದ್ದೇನೆ. ಅವುಗಳನ್ನು ಕಂಪ್ಯೂಟರಿಗೆ ಓದಲು ಕಲಿಸುವ ಪ್ರಯತ್ನ ನಡೆದಿದೆ. ಒತ್ತಕ್ಷರ ಬಂದಲ್ಲೆಲ್ಲ ಅದು ತೊದಲುತ್ತದೆ. ಇಂಥ ಕಲಿಕೆಯ ತಂತ್ರಾಂಶಗಳು ಹೆಚ್ಚಾಗಿ ಎನ್ವಿಡಿಯಾದ ಕುಡಾ ಎಂಬ ವ್ಯವಸ್ಥೆಯ ಮೇಲೆ ನಿಂತಿವೆ, 580ರಂಥ ಹಳೆ ಎಎಂಡಿ ಕಾರ್ಡಿನಲ್ಲಿ ಮಾಡಿಸುವುದು ತಲೆನೋವು. ನನ್ನ ಲ್ಯಾಪ್‌ಟಾಪಿನಲ್ಲಿ ಒಂದಿಡೀ ದಿನ ಹಿಡಿಯುತ್ತಿದ್ದ ಕೆಲಸ 1060ರಲ್ಲಿ ಬೆಳಗಾಗುವುದರೊಳಗೆ ಮುಗಿದಿತ್ತು.

ಬೆಳಿಗ್ಗೆ ಅವನು ಬಂದು ಪರದೆ ನೋಡಿದ. ಇದು ಮೊದಲೇ ಗೊತ್ತಿತ್ತಾ ಅಂತ ಕೇಳಿದ. ಗೊತ್ತಿತ್ತು. ಮಾರ್ಚಿನಲ್ಲೇ ಗೊತ್ತಿತ್ತು. 1060 ತಗೋ ಅಂದರೆ ಅದು ನನ್ನ ಸ್ವಾರ್ಥವಾಗುತ್ತದೆ, ಅವನ ಆಟದ ದುಡ್ಡಿನಲ್ಲೂ ನಾನೇ ಓದಿದಂತಾಗುತ್ತದೆ ಅಂತ ಹೆದರಿ, ಆ ಕಾರ್ಡಿನ ಪರವಾದ ಪ್ರತಿಯೊಂದು ಅಂಶವನ್ನೂ ತೂಕ ಕಡಿಮೆ ಮಾಡಿ ಬರೆದುಕೊಂಡಿದ್ದೆ. ವಿದ್ಯುತ್ತಿನ ಸಾಲು ಕೊನೆಗೆ ಹೋಗಿದ್ದು ಹಾಗೆ.

"ಹೇಳಬಾರದೇನು?" ಅಂದ. ಅಷ್ಟೇ. ಗೆಳೆಯನ ಕಾರ್ಡು ಬಿಚ್ಚಿ ಟವಲ್ಲಿನಲ್ಲಿ ಸುತ್ತಿದ.

ದೀಪಾವಳಿಗೆ ಹೋದಾಗ ಕ್ಯಾಬಿನೆಟ್ಟಿನೊಳಗೆ 1060 ಇತ್ತು. ಗೆಳೆಯನ ಎಸ್‌ಎಂಪಿಎಸ್ ದೊಡ್ಡದು, ಅವನಿಗೆ 8 ಜಿಬಿ ಬೇಕಿತ್ತು. ಮೇಲೊಂದು ಸಾವಿರ ಕೊಟ್ಟು ಅದಲುಬದಲು ಮಾಡಿಕೊಂಡಿದ್ದ. ಅದೇ ತಿಂಗಳಿಗೆ ಎನ್ವಿಡಿಯಾ ಈ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳಿಗಾಗಿ ಚಾಲಕ ತಂತ್ರಾಂಶ ಕೊಡುವುದನ್ನು ನಿಲ್ಲಿಸುತ್ತಿದೆ, ಇನ್ನು 2028ರ ತನಕ ಭದ್ರತೆಯ ತಿದ್ದುಪಡಿ ಮಾತ್ರ ಅಂತ ನಾನು ಹೇಳಿದೆ. ಈ ಸಲ ಗೊತ್ತಿದ್ದದ್ದನ್ನೆಲ್ಲ ಹೇಳಿಬಿಡೋಣ ಅಂತ.

"ನಾ ಆಡೋದೂ ಹಳೇ ಆಟಾನೇ ಯಕ್ಕಾ" ಅಂದ. ಬೂಟು ಹಾಕಿಕೊಳ್ಳುತ್ತಿದ್ದ, ರಾತ್ರಿ ಪಾಳಿ ಇತ್ತು. "ನಾ ಡ್ಯೂಟಿಗೆ ಹೋದ್ರ ಅದು ಖಾಲಿನೇ ಇರ್ತದ. ನಿನ್ನ ಪುಟ ಹಚ್ಚು. ಬಾಗಲಾ ತೆರದಿಡು, ಇಲ್ಲಂದ್ರ ಕಾಯ್ತದ."

ಅವನು ಗಾಡಿ ಶುರು ಮಾಡಿದ ಸದ್ದು ಕೇಳಿಸಿತು. ನಾನು ಬಾಗಿಲು ತೆರೆದಿಟ್ಟು, ಅವನ ಕುದುರೆಯನ್ನು ನಿಂತಲ್ಲೇ ಉಳಿಸಿ, ಆಟ ಮುಚ್ಚಿದೆ.