ಹಿಮಕ್ಕೊಂದು ಲೆಡ್ಜರ್

ಎಪ್ಪತ್ತಮೂರು ದಾಟಿದ ಮೇಲೆ ಸ್ಕೀಯಿಂಗ್ ಪ್ರವಾಸದ ತಯಾರಿ ಎಂದರೆ ಬೀದಿಯವರು ನಗುತ್ತಾರೆ. ನಗಲಿ ಬಿಡಿ. ಆರನೇ ತರಗತಿಯ ನನ್ನ ಮೊಮ್ಮಗಳಿಗೆ ಹಿಮದ ಮೇಲೆ ಜಾರುವ ಆಸೆ. ಅವಳ ಅಪ್ಪ-ಅಮ್ಮನಿಗೆ ರಜೆ ಇಲ್ಲ, ಅಜ್ಜ-ಅಜ್ಜಿಗೆ ರಜೆಯೇ ರಜೆ! ಹಾಗಾಗಿ ಬರುವ ಫೆಬ್ರವರಿಯಲ್ಲಿ ನಾವು ಮೂವರು ಕಾಶ್ಮೀರದ ಗುಲ್ಮರ್ಗ್‌ಗೆ ಹೊರಟಿದ್ದೇವೆ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು. ಪ್ರವಾಸವನ್ನೂ ಖಾತೆ ಖಾತೆಯಾಗಿಯೇ ಬರೆದಿಟ್ಟೆ.

ಮೊದಲ ಖಾತೆ ಕಾಲದ್ದು. ಹಿಮ ಯಾರ ಸಹಿಗೂ ಕಾಯುವುದಿಲ್ಲ. 2024ರ ಜನವರಿಯಲ್ಲಿ ಗುಲ್ಮರ್ಗ್ ಹಿಮವಿಲ್ಲದೆ ಬಣಗುಟ್ಟಿತ್ತು. ಮಾರ್ಚ್‌ನಲ್ಲಿ ಅವಳಿಗೆ ಪರೀಕ್ಷೆ. ಆದ್ದರಿಂದ ಫೆಬ್ರವರಿಯ ಮೊದಲ ವಾರವನ್ನು ಆರಿಸಿ, ರದ್ದು ಮಾಡಿದರೆ ಹಣ ಮರಳುವ ಕೋಣೆಯನ್ನೇ ಹಿಡಿದೆವು.

ಎರಡನೆಯದು ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಗುಲ್ಮರ್ಗ್‌ನ ಬಯಲೇ ಸುಮಾರು 2,650 ಮೀಟರ್! ಅಲ್ಲಿಂದ ಗೊಂಡೋಲಾ ಎಂಬ ತೂಗುಬಂಡಿ ಎರಡು ಹಂತಗಳಲ್ಲಿ ಇನ್ನೂ ಮೇಲೇರುತ್ತದೆ. ಹೊಸಬರು ಕಲಿಯಲು ಕೆಳಗಿನ ಇಳಿಜಾರೇ ಸಾಕು. ನನ್ನ ಎದೆಯೊಳಗೆ ಒಂದು ಸ್ಟೆಂಟ್ ಇದೆ. ವೈದ್ಯರು ಯೋಚಿಸಿ ಒಪ್ಪಿದರು, ಷರತ್ತು ಹಾಕಿಯೇ: ಮೊದಲು ಶ್ರೀನಗರದಲ್ಲಿ ಎರಡು ರಾತ್ರಿ ತಂಗಬೇಕು, ನೀರು ಚೆನ್ನಾಗಿ ಕುಡಿಯಬೇಕು, ಗೊಂಡೋಲಾ ಹತ್ತಕೂಡದು, ಸ್ಕೀ ಕಟ್ಟಕೂಡದು.

ಮೂರನೆಯದು ಸಾಮಾನು. ಸ್ಕೀ, ಬೂಟು, ಕೋಲುಗಳು ಅಲ್ಲೇ ಬಾಡಿಗೆಗೆ ಸಿಗುತ್ತವೆ. ಒಂದು ವಾರದ ಆಟಕ್ಕೆ ಕೊಳ್ಳುವುದು ದಂಡ. ಬೂಟು ಮಾತ್ರ ಕಾಲಿಗೆ ಬಿಗಿಯಾಗಿ ಕೂರಬೇಕು, ನೋಯಿಸಬಾರದು. ನೀರು ಇಳಿಯದ ಕೈಗವಸು, ಹೆಲ್ಮೆಟ್, ಕಪ್ಪು ಕನ್ನಡಕ ಬೇಕೇ ಬೇಕು. ಹಿಮ ಬಿಸಿಲನ್ನು ಕನ್ನಡಿಯಂತೆ ಮರಳಿ ಕಣ್ಣಿಗೆ ಎಸೆಯುತ್ತದೆ, ಚಳಿಯಲ್ಲೂ ಮುಖ ಸುಡುತ್ತದೆ. ಹತ್ತಿಯ ಬಟ್ಟೆ ಒದ್ದೆಯಾದರೆ ಒಣಗದು, ಒಳಗೆ ಉಣ್ಣೆಯೇ ಲೇಸು.

ನಾಲ್ಕನೆಯದು ಗುರು. ಮಕ್ಕಳೇ, ಸ್ಕೀಯಿಂಗ್‌ನಲ್ಲಿ ಮೊದಲು ಕಲಿಯುವುದು ಓಡುವುದನ್ನಲ್ಲ. ಬೀಳುವುದನ್ನು, ಏಳುವುದನ್ನು, ನಿಲ್ಲುವುದನ್ನು. ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನ ತುದಿಗಳನ್ನು ಅಗಲಿಸಿದರೆ ವೇಗ ತಗ್ಗುತ್ತದೆ. ಇದಕ್ಕೆ 'ಸ್ನೋಪ್ಲೌ' ಎಂದು ಹೆಸರು. ಜೋರಾಗಿ ಬಿದ್ದಾಗ ಕಾಲು ತಿರುಚದಿರಲೆಂದು ಬೂಟನ್ನು ಬಿಡಿಸುವ ಕೊಂಡಿಯೂ ಸ್ಕೀಯಲ್ಲಿದೆ. ಅದನ್ನು ಬಿಗಿ ಮಾಡುವುದು ತಿಳಿದವರ ಕೆಲಸ. ಅದಕ್ಕೇ ಮೂರು ದಿನಕ್ಕೆ ತರಬೇತುದಾರರನ್ನು ಗೊತ್ತು ಮಾಡಿದ್ದೇವೆ.

ಐದನೆಯದು ವಿಮೆ. ಎಲ್ಲ ಪ್ರವಾಸ ವಿಮೆಯಲ್ಲೂ ಸ್ಕೀಯಿಂಗ್ ಸೇರಿರುವುದಿಲ್ಲ. ಸಣ್ಣ ಅಕ್ಷರಗಳನ್ನು ಓದಿ, ಕೇಳಿ ಬರೆಸಿಕೊಂಡೆ.

"ತಾತ, ನೀನು ಜಾರದಿದ್ದರೆ ಏನು ಮಜಾ?" ಎಂದು ಮುಖ ಊದಿಸಿಕೊಂಡಳು ಮೊಮ್ಮಗಳು. "ನೀನು ಮೊದಲ ಸಲ ಬೀಳದೆ ಕೆಳಗೆ ಬಂದದ್ದಕ್ಕೆ ಒಬ್ಬ ಸಾಕ್ಷಿ ಬೇಡವೇ?" ಎಂದೆ. ಮುಂದಿನ ವರ್ಷ ನೋಡೋಣ ಎಂದು ನಾನು ಹೇಳಬಹುದಿತ್ತು. ಆದರೆ ನನ್ನ ವಯಸ್ಸಿನಲ್ಲಿ ಮುಂದಿನ ವರ್ಷಗಳನ್ನು ಠೇವಣಿ ಇಡಲು ಆಗುವುದಿಲ್ಲ, ಕೈಯಲ್ಲಿರುವುದನ್ನೇ ಖರ್ಚು ಮಾಡಬೇಕು.

ಈಗ ದಿನಾ ಸಂಜೆ ಕಾಲಿಗೆ ಬಲ ಬರಲೆಂದು ಕುರ್ಚಿಯಿಂದ ಏಳುವ, ಕೂರುವ ವ್ಯಾಯಾಮ ನಡೆದಿದೆ. ಅವಳು ಮೂವತ್ತು, ನಾನು ಹನ್ನೆರಡು. ಎಣಿಸುವುದು ಅಜ್ಜಿ. ನನ್ನ ಲೆಕ್ಕದಲ್ಲಿ ಮಾತ್ರ ಅವರು ಒಂದೂ ರಿಯಾಯಿತಿ ಕೊಡುವುದಿಲ್ಲ!